ಕಂಬದ ಹಿಂದಿದ್ದ ಗುಂಡಿ

“ನಾನೂರ ಹನ್ನೆರಡನೇ ಕೋಣೆಯ ಹಾಳೆ ತೋರಿಸಿ,” ಎಂದಳು ಟೈಲರಮ್ಮ. ಕೂರಲೂ ಇಲ್ಲ.

ಮೇಜಿನ ಆ ತುದಿಯಲ್ಲಿ ನಿಲ್ಲಿಸಿದ್ದ ರಟ್ಟಿನ ಮರೆಯ ಹಿಂದೆ ಡ್ರಾಯಿಂಗ್ ಮೇಷ್ಟ್ರು ಕುಳಿತಿದ್ದರು. “ಆಟ ನಡೆಸೋನ ಹಾಳೆಯನ್ನ ಆಡೋರು ನೋಡೋ ಹಾಗಿಲ್ಲ,” ಎಂದರು.

“ನೋಡೋಕೆ ಅದರಲ್ಲಿ ಏನಾದ್ರೂ ಇದ್ರೆ ತಾನೆ!”

ಕಾಗದ, ಪೆನ್ಸಿಲ್, ದಾಳಗಳ ಆಟವದು. ಮೇಷ್ಟ್ರು ಕಟ್ಟಿದ ಪಾತಾಳಕ್ಕೆ ಹನ್ನೆರಡು ಅಂತಸ್ತು, ಆರುನೂರು ಕೋಣೆ. ಯಾವ ಕೋಣೆಯಲ್ಲಿ ಯಾವ ಭೂತ, ಯಾವ ಬಲೆ ಎಂಬುದನ್ನೆಲ್ಲ ಅವರು ಮೊದಲೇ ಬರೆದಿಟ್ಟಿರಬೇಕು. ಅವರು ಬಾಯಲ್ಲಿ ಹೇಳಿದ್ದನ್ನು ಕೇಳಿಕೊಂಡು, ಆಡುವವರಲ್ಲೊಬ್ಬನಾದ ಕಾಂಪೌಂಡರ್ ನಕ್ಷೆ ಬರೆಯುತ್ತಾನೆ. ಆ ನಕ್ಷೆಯ ಮೇಲೆ ಎಲ್ಲರೂ ತಮ್ಮ ಕಾಯಿ ನಡೆಸುತ್ತಾರೆ. ಟೈಲರಮ್ಮನ ಕಾಯಿ ಅಂಗಿಯ ಒಂದು ಕೆಂಪು ಗುಂಡಿ. ಹೆಸರು ಚಿಟ್ಟೆ, ಕಸುಬು ಕಳ್ಳತನ. ಏಳು ವರ್ಷ ಅವಳನ್ನು ಜೋಪಾನ ಮಾಡಿದ್ದಳು. ವಾರವಿಡೀ ಗಿರಾಕಿಗಳ ಮುಂದೆ ಬಗ್ಗಿ ಅಳತೆ ತೆಗೆಯುವವಳಿಗೆ, ಭಾನುವಾರ ಮಧ್ಯಾಹ್ನ ಯಾರಿಗೂ ಬಗ್ಗದ ಒಂದು ಜೀವವಿತ್ತು.

ಹೋದ ಭಾನುವಾರ ನಾನೂರ ಹನ್ನೆರಡನೇ ಕೋಣೆಯ ಚಾವಣಿ ಕುಸಿದು ಚಿಟ್ಟೆ ಸತ್ತಳು.

“ಗುಂಡಿ ಕಂಬದ ಹಿಂದೆ ಇತ್ತು. ನಾನೇ ಸರಿಸಿಟ್ಟಿದ್ದೆ, ಎಲ್ಲರ ಕಣ್ಣೆದುರಿಗೇ. ನೀವು ಮಾತ್ರ ಬಾಗಿಲಲ್ಲೇ ನಿಂತಿದ್ಲು, ಸತ್ಲು ಅಂದ್ರಿ!”

“ನೀನು ಬಾಯಿಬಿಟ್ಟು ಹೇಳಲಿಲ್ಲವಲ್ಲಮ್ಮ.”

“ಎದುರಿಗೇ ಕಾಣೋದನ್ನ ಏನಂತ ಹೇಳೋದು?”

ಮೇಷ್ಟ್ರ ಪಕ್ಕದಲ್ಲಿದ್ದ ಅವರ ತಂಗಿ, “ಅಣ್ಣ, ಇನ್ನಾದ್ರೂ ಹೇಳ್ಬಿಡು,” ಎಂದಳು.

“ಸುಮ್ನಿರು ನೀನು!” ಮೇಷ್ಟ್ರು ಗದರಿದರು.

ಅಂದರೆ ಮುಚ್ಚಿಟ್ಟಿರುವುದೇನೋ ಇದೆ. ಟೈಲರಮ್ಮನ ಮೈ ಉರಿಯಿತು. ವಾರವಿಡೀ ಹೊಲಿಗೆಯಂತ್ರ ತುಳಿಯುತ್ತ ಅವಳು ಯೋಚಿಸಿದ್ದೂ ಇದನ್ನೇ. ಸ್ಕೂಲು ಬಿಟ್ಟು ಮನೆ ಹಿಡಿದ ಮೇಲೆ ಈ ಮನುಷ್ಯ ಮೈಗಳ್ಳನಾಗಿದ್ದಾನೆ. ಮೊದಲೆಲ್ಲ ಮರೆಯ ಹಿಂದೆ ಟೇಬಲ್ ಲ್ಯಾಂಪ್ ಉರಿಯುತ್ತಿತ್ತು. ಎರಡು ವರ್ಷದಿಂದ ಅಲ್ಲಿ ಕತ್ತಲು. ಕತ್ತಲಲ್ಲಿ ಏನು ಓದುತ್ತಾರೆ, ಮಣ್ಣು? ನಕ್ಷೆ ತಪ್ಪಿದರೆ ಎದ್ದು ಬಂದು ತಿದ್ದುತ್ತಿದ್ದವರು ಈಗ ಅತ್ತ ತಲೆಯನ್ನೂ ಹಾಕುವುದಿಲ್ಲ. ದಾಳ ಬಿದ್ದರೆ ಸಂಖ್ಯೆಯನ್ನು ನಾವೇ ಕೂಗಿ ಹೇಳಬೇಕು, ದೊರೆಗಳಿಗೆ ಬಗ್ಗಿ ನೋಡಲೂ ಸೋಮಾರಿತನ. ಕೈ ಮರೆಯ ಹಿಂದೆ, ಕಣ್ಣು ಚಾವಣಿಯ ಮೇಲೆ, ಬಾಯಿಗೆ ಬಂದದ್ದೇ ಪಾತಾಳ! ಅದಕ್ಕೆ ಚಿಟ್ಟೆ ಸಾಯಬೇಕೆ?

“ಹೋಗ್ಲಿ ಬಿಡಿ ಟೈಲರಮ್ಮ,” ಎಂದ ಕಾಂಪೌಂಡರ್. “ಇನ್ನೊಂದು ಪಾತ್ರ ಮಾಡ್ಕೊಂಡ್ರಾಯ್ತು.”

“ನಿಮ್ಮದು ಸತ್ತಾಗ ನಾನೂ ಹಾಗೇ ಹೇಳ್ತೀನಿ.”

ಮೇಜು ಸುತ್ತಿ ಬಂದವಳೇ ರಟ್ಟಿನ ಮರೆಯನ್ನು ಕಿತ್ತೆಸೆದಳು. ಮೇಷ್ಟ್ರ ಎರಡೂ ಕೈ ಹಾಳೆಗಳ ಕಟ್ಟನ್ನು ಮುಚ್ಚಿಕೊಂಡವು. ಅವಳು ಅವುಗಳ ಅಡಿಯಿಂದಲೇ ಎಳೆದುಕೊಂಡಳು. ದಪ್ಪನೆಯ ಬಿಳಿ ಹಾಳೆ. ತಿರುಗಿಸಿದಳು, ಆ ಕಡೆಯೂ ಬಿಳಿ. ಇನ್ನೊಂದು, ಮತ್ತೊಂದು. ಒಂದು ಗೆರೆಯಿಲ್ಲ, ಶಾಯಿಯ ಒಂದಕ್ಷರವಿಲ್ಲ. ಕಾಂಪೌಂಡರ್ ಕೂಡ ಪೆನ್ಸಿಲ್ ಕೆಳಗಿಟ್ಟ.

“ನೋಡಿದ್ರಾ? ಖಾಲಿ ಕಾಗದ ಇಟ್ಕೊಂಡು ಎರಡು ವರ್ಷ ನಮ್ಮನ್ನ ಕುಣಿಸಿದ್ದಾರೆ! ನಾಚಿಕೆ ಆಗಲ್ವಾ ಮೇಷ್ಟ್ರೇ? ನನ್ನ ಮುಖ ನೋಡಿ ಹೇಳಿ!”

ಮೇಷ್ಟ್ರು ಮುಖವೆತ್ತಿದರು. ನೋಟ ಅವಳ ಕಿವಿಯ ಹಿಂದೆಲ್ಲೋ ನಿಂತಿತು. ಕಣ್ಣು ಕೊಟ್ಟು ಮಾತಾಡುವ ಮುಖವೂ ಇಲ್ಲ ಇವರಿಗೆ, ಅಂದುಕೊಂಡಳು ಟೈಲರಮ್ಮ.

ಹರಿದುಹಾಕಲೆಂದು ಹಾಳೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಬಟ್ಟೆಯ ಎಳೆಯನ್ನು ಮುಟ್ಟಿಯೇ ಗುರುತಿಸುವ ಹೆಬ್ಬೆರಳು ಅದು. ಹಾಳೆಯ ಮೇಲೆ ಸರಿದು, ಅಲ್ಲೇ ನಿಂತುಬಿಟ್ಟಿತು.

ಅಂಚಿನಿಂದ ಅಂಚಿಗೆ ಸಾಲುಸಾಲು ಉಬ್ಬು ಚುಕ್ಕಿಗಳು: ಕಣ್ಣು ಕಾಣದವರು ಬೆರಳಲ್ಲಿ ಓದುವ ಬ್ರೈಲ್ ಲಿಪಿಯಲ್ಲಿ ಮೇಷ್ಟ್ರು ಇಡೀ ಪಾತಾಳವನ್ನು ಮೊದಲಿನಿಂದ ಮತ್ತೆ ಬರೆದಿದ್ದರು.