ಸಂದರ್ಶನದ ಹೊತ್ತಿಗೇ

ವಿನುತಾಳ ಆನ್‌ಲೈನ್ ಸಂದರ್ಶನ ಶುರುವಾಗುವ ಹೊತ್ತಿಗೇ ವೈಫೈ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಗಾಯಿತು, ಮಂಗಳವಾರ ಮಧ್ಯಾಹ್ನ ಮೂರೂವರೆಗೂ ಅದೇ ಕತೆ.

ಹೊಸ ರೂಟರ್ ಹಾಕಿದ ಕೇಬಲ್‌ನವನು ದನಿ ತಗ್ಗಿಸಿದ. “ಲೈನ್ ಸರಿಯಾಗೇ ಇದೆ ಮೇಡಂ. ಮನೇಲೇ ಯಾರೋ ಸ್ವಿಚ್ ಆಫ್ ಮಾಡ್ತಿದ್ದಾರೆ.”

ಹಗಲಲ್ಲಿ ಮನೆಯಲ್ಲಿ ಇರುತ್ತಿದ್ದುದು ಅವಳನ್ನು ಬಿಟ್ಟರೆ ಅತ್ತೆ ಒಬ್ಬರೇ. ಸೊಸೆ ಕೆಲಸಕ್ಕೆ ಸೇರುವುದು ಅವರಿಗೆ ಹಿಡಿಸದು ಎಂದು ವಿನುತಾಳಿಗೆ ಮೊದಲಿನಿಂದಲೂ ಗುಮಾನಿ.

ಶುಕ್ರವಾರ ಹನ್ನೊಂದಕ್ಕೆ ಪರದೆ ಮತ್ತೆ ನಿಂತುಹೋಯಿತು. ಹಾಲಿಗೆ ಓಡಿ ಬಂದರೆ, ಅತ್ತೆಯ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

“ನಂಗೆ ಕೆಲಸ ಸಿಗಬಾರ್ದು ಅಂತಾನಾ ಅತ್ತೆ?”

“ಬಿಡ್ತು ಅನ್ನು! ಸಿಗ್ಲೇಬೇಕು ಅಂತಾನೇ ಆರಿಸಿದ್ದು. ಈ ಕಂಪನಿಯವರೆಲ್ಲ ಯಾಕೆ ಬರೀ ರಾಹುಕಾಲದಲ್ಲೇ ಕರೀತಾರೋ!”