ಕವಲಿನ ಕೆಂಪು ಕ್ಲಿಪ್ಪು

ನೀರು ತುಂಬಿದ ಆ ಗವಿಗೆ ಇಳಿಯುವವರು ದಾರಿ ಎರಡಾಗಿ ಒಡೆಯುವ ಕವಲಿನ ಬಳಿಯ ಹಗ್ಗಕ್ಕೆ ತಮ್ಮ ತಮ್ಮ ಕ್ಲಿಪ್ಪು ಸಿಕ್ಕಿಸಿ ಮುಂದೆ ಹೋಗುತ್ತಾರೆ, ಹಿಂದಿರುಗುವಾಗ ಬಿಚ್ಚಿಕೊಳ್ಳುತ್ತಾರೆ. ಕ್ಲಿಪ್ಪು ಅಲ್ಲೇ ಇದೆಯೆಂದರೆ ಅದರ ಒಡೆಯ ಇನ್ನೂ ಒಳಗಿದ್ದಾನೆಂದೇ ಅರ್ಥ. ಜಯಂತನ ಗೆಳೆಯನ ಕೆಂಪು ಕ್ಲಿಪ್ಪು ಬೆಳಗಿನಿಂದ ಕದಲಿರಲಿಲ್ಲ.

ಮುಕ್ಕಾಲು ಬರಿದಾದ ಗಾಳಿಯ ಸಿಲಿಂಡರನ್ನು ದಡದಲ್ಲಿ ಬಿಚ್ಚಿಟ್ಟು, ಉಳಿದಿದ್ದ ಕೊನೆಯದನ್ನು ಕಟ್ಟಿಕೊಂಡು ಜಯಂತ ಅವನನ್ನು ಹುಡುಕಲು ಮತ್ತೆ ಇಳಿದಿದ್ದ. ಈ ಸಲವೂ ಬರಿಗೈ. ಮರಳುವಾಗ ಕವಲಿನ ಬಳಿ ನಿಂತ. ಇನ್ನು ಆಸೆಯಿಲ್ಲ ಎನಿಸಿ ತನ್ನ ಕ್ಲಿಪ್ಪಿನ ಜೊತೆ ಕೆಂಪು ಕ್ಲಿಪ್ಪನ್ನೂ ಬಿಚ್ಚಿಕೊಂಡ.

ದಡದಲ್ಲಿ ಗೆಳೆಯನ ಹೆಂಡತಿ ನಿಂತಿದ್ದಳು. ಅವಳ ಮುಖ ನೋಡಲಾಗದೆ ಜಯಂತ ಕ್ಲಿಪ್ಪನ್ನು ಮುಂದೆ ಹಿಡಿದ.

"ನನ್ನ ಕೈಲಿ ಆಗ್ಲಿಲ್ಲ ಅತ್ತಿಗೆ. ಸಿಕ್ಕಿದ್ದು ಇಷ್ಟೇ."

ಅವಳು ಅವನ ಬೆನ್ನ ಹಿಂದಿನ ನೀರನ್ನೇ ನೋಡುತ್ತಿದ್ದಳು.

"ಅವರೆಲ್ಲಿ?"

"ಅತ್ತಿಗೆ, ಸಮಾಧಾನ ಮಾಡ್ಕೊಳ್ಳಿ..."

"ಅಯ್ಯೋ, ಅವರು ಆಗ್ಲೇ ಬಂದ್ರಲ್ಲ! ಗುಡ್ಡದ ಆಚೆ ಗವಿಗೆ ಇನ್ನೊಂದು ಬಾಯಿ ಇತ್ತಂತೆ, ಅಲ್ಲಿಂದ ಹತ್ತಿ ನಡ್ಕೊಂಡು ಬಂದ್ರು. ನೀವಿನ್ನೂ ಒಳಗಿದ್ದೀರಿ ಅಂದಿದ್ದೇ ತಡ, ನೀವು ಬಿಚ್ಚಿಟ್ಟ ಸಿಲಿಂಡರನ್ನೇ ಕಟ್ಕೊಂಡು ನಿಮ್ಮನ್ನ ಹುಡುಕೋಕೆ ಇಳಿದ್ರು."