ಗಿಟಾರಿನೊಳಗಿನ ಟಕ್‌ಟಕ್

ಮೂರನೇ ಸಲ ಬಿಚ್ಚಿ ಜೋಡಿಸಿದ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಷಡಕ್ಷರಿ ಉಸಿರು ಬಿಗಿಹಿಡಿದ. ಟಕ್. ಒಂದು ಕ್ಷಣ ಬಿಟ್ಟು ಮತ್ತೆ, ಟಕ್. ಯಾರೋ ಒಳಗೆ ಕೂತು ಉಗುರಿನಿಂದ ಡಬ್ಬಿ ಕುಟ್ಟಿದ ಹಾಗೆ.

"ಹೋಗಿಲ್ಲ ಅಲ್ವಾ?" ಅಡುಗೆಮನೆಯಿಂದ ತನುಜಾ ಕೇಳಿದಳು.

"ಹೋಗ್ತಾ ಇದೆ," ಎಂದ.

ಹೆಂಡತಿಯ ಮೇಲಲ್ಲ, ತನ್ನ ಮೇಲೇ ಸಿಟ್ಟು. ಮೂಡಿಗೆರೆಯಲ್ಲಿ ಇಪ್ಪತ್ತೆಂಟು ವರ್ಷ ಐಟಿಐ ಹುಡುಗರಿಗೆ ವೈರಿಂಗ್ ಕಲಿಸಿ ನಿವೃತ್ತನಾದ ಮೇಷ್ಟ್ರು. ಅವನು ಎಳೆದ ಲೈನಿನಲ್ಲಿ ಬಲ್ಬು ಮಿಣುಕಿದ್ದನ್ನು ಅವನ ಊರು ಬಾಳೂರಿನಲ್ಲಿ ಯಾರೂ ಕಂಡಿಲ್ಲ. ಅಂಥವನನ್ನು ಆರು ತಂತಿಯ ಮರದ ಹಲಗೆಯೊಂದು ನಾಲ್ಕು ತಿಂಗಳಿಂದ ಆಟ ಆಡಿಸುತ್ತಿತ್ತು.

ಗಿಟಾರ್ ತನುಜಾಳದು. ಕಾಲೇಜಿನ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವಳು, ಮದುವೆಯಾಗಿ ಬರುವಾಗ ಸೀರೆಗಳ ಜೊತೆ ಅದನ್ನೂ ತಂದಿದ್ದಳು. ಮೊದಲ ವರ್ಷವೇ, ಸ್ವಿಚ್ಚು ಕೊಂಚ ಸಡಿಲವಾಗಿದೆ ಎಂದಳು. "ಅದೇನು ಮಹಾ" ಎಂದು ಷಡಕ್ಷರಿ ಬಿಚ್ಚಿದ. ಜೋಡಿಸಿದ ಮೇಲೆ ಅದು ಉಸಿರೆತ್ತಲಿಲ್ಲ. ತನುಜಾ ಒಂದು ಮಾತೂ ಆಡದೆ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಅವಳು ಬೈದಿದ್ದರೆ ಮರೆತುಬಿಡುತ್ತಿದ್ದನೇನೋ. ಬೈಯಲಿಲ್ಲ, ಹಾಗಾಗಿ ಇಪ್ಪತ್ತಾರು ವರ್ಷ ಚುಚ್ಚುತ್ತಲೇ ಇತ್ತು. ನಿವೃತ್ತನಾದ ಮಾರನೇ ದಿನವೇ ಅದನ್ನು ಕೆಳಗಿಳಿಸಿದ. ಅವಳ ಕೈಯಲ್ಲಿ ಅದು ಮತ್ತೆ ನುಡಿಯುವುದನ್ನು ಕೇಳಬೇಕು, ಅಷ್ಟೇ ಅವನ ಆಸೆ.

"ನುಡಿಸ್ತೀನಿ," ಎಂದಿದ್ದಳು ತನುಜಾ. "ಆದ್ರೆ ಆ ಟಕ್‌ಟಕ್ ನಿಂತ ಮೇಲೆ."

ತುಕ್ಕು ಹಿಡಿದ ತಂತಿಗಳನ್ನು ಬದಲಾಯಿಸಿದ. ಕಿರ್ರೆನ್ನುತ್ತಿದ್ದ ವಾಲ್ಯೂಮ್ ಗುಂಡಿಯನ್ನು ಕಿತ್ತು ಹೊಸದು ಹಾಕಿದ. ಹೊರಗಿನ ಗದ್ದಲ ಒಳಗೆ ಬಾರದಿರಲೆಂದು ಗಿಟಾರಿನ ಹೊಟ್ಟೆಗೆಲ್ಲ ತಾಮ್ರದ ಹಾಳೆ ಮೆತ್ತಿದ. ದನಿ ಬಂತು, ಗುಂಯ್‌ಗುಡುವುದು ನಿಂತಿತು. ಟಕ್ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಫ್ರಿಜ್ಜಿನ ಮೇಲೆ ಅನುಮಾನ ಬಂತು, ಮಿಕ್ಸಿಯ ಮೇಲೆ ಬಂತು. ಕೊನೆಗೆ ಮನೆಯ ಮೈನ್ ಸ್ವಿಚ್ಚನ್ನೇ ಆರಿಸಿ, ಆಂಪನ್ನು ಬ್ಯಾಟರಿಗೆ ಹಾಕಿ ನೋಡಿದ. ಟಕ್.

"ಅಂದ್ರೆ ದೋಷ ಗಿಟಾರಿನೊಳಗೇ ಇದೆ," ಎಂದು ಪಾಠದ ದನಿಯಲ್ಲಿ ಹೇಳಿದ. "ಇದ್ರಲ್ಲಿ ಎರಡು ಮಾತಿಲ್ಲ."

ಪಕ್ಕದ ತೋಟದ ಬಸವರಾಜಪ್ಪನಿಗೆ ಇದು ವಾರದ ಮನರಂಜನೆ. ಆನೆ ಕಾಟಕ್ಕೆ ಎರಡೂ ತೋಟ ಸೇರಿಸಿ ಒಂದೇ ಸೋಲಾರ್ ಬೇಲಿ ಹಾಕಿಸಿದ್ದರು. ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಷಡಕ್ಷರಿಯ ಹಿತ್ತಿಲ ಸ್ಟೋರ್ ರೂಮಿನಲ್ಲಿ, ಅದನ್ನು ನೋಡಿ ಹೋಗುವ ನೆಪ ಬಸವರಾಜಪ್ಪನ ಬಾಯಲ್ಲಿ. ಬಂದವನು ಕಾಫಿ ಮುಗಿಯುವವರೆಗೂ ಗಿಟಾರಿನ ಮುಂದೆ ಕೂರುತ್ತಿದ್ದ.

"ಒಳಗೆ ಹಲ್ಲಿ ಸೇರ್ಕೊಂಡಿದೆ ಮಾರಾಯ್ರೇ."

"ಹಲ್ಲಿಗೆ ಇಷ್ಟು ಶಿಸ್ತು ಇರಲ್ಲ," ಎಂದ ಷಡಕ್ಷರಿ.

ಶನಿವಾರ ಹೊಸ ಕೆಪಾಸಿಟರ್ ತರಲು ಷಡಕ್ಷರಿ ಚಿಕ್ಕಮಗಳೂರಿಗೆ ಹೋದ. ತನುಜಾ ಆಳು ನಿಂಗಯ್ಯನ ಕೈಲಿ ಬೇಲಿಗೆ ಹಬ್ಬಿದ ಬಳ್ಳಿ ಸವರಿಸಿದಳು. ಸಂಜೆ ಗಂಡ ಮರಳಿ ಚಪ್ಪಲಿ ಬಿಡುವಾಗಲೇ, "ಆಂಪ್ ಆರಿಸ್ದೇ ಹೋಗಿದ್ರಿ," ಎಂದಳು.

ಬೈಗುಳಕ್ಕೆ ಕಾದ. ಬರಲಿಲ್ಲ.

"ಇನ್ನೊಂದ್ಸಲ ಬಿಚ್ಚಿ ನೋಡಿ. ಈ ಸಲ ಸರಿಹೋಗುತ್ತೆ ಅನ್ಸುತ್ತೆ ನಂಗೆ."

ನಾಲ್ಕು ತಿಂಗಳಲ್ಲಿ ಅವಳು ಹುರಿದುಂಬಿಸಿದ್ದು ಅದೇ ಮೊದಲು. ಷಡಕ್ಷರಿಗೆ ಆನೆಬಲ ಬಂತು.

ಭಾನುವಾರ ಮಧ್ಯಾಹ್ನ ಕೊನೆಯ ಬೆಸುಗೆ ಹಾಕಿ ಅವಳನ್ನು ಕರೆದ. "ಒಣಗಲು ಹಾಕಿದ ಮೆಣಸು ನೋಡಿ ಬರ್ತೀನಿ, ತಡೀರಿ," ಎಂದು ತನುಜಾ ಹಿತ್ತಿಲ ಕಡೆ ಹೋದಳು. ಬಂದು ಕೂತಳು. ಅವನು ಆಂಪ್ ಹಾಕಿದ.

ಏನೂ ಇಲ್ಲ. ಹತ್ತು ಎಣಿಸಿದ, ಇಪ್ಪತ್ತು ಎಣಿಸಿದ. ಏನೂ ಇಲ್ಲ.

"ಹೋಯ್ತು," ಎಂದ. ಸ್ವಲ್ಪ ಜಂಬ ಸೇರಿಸಿದ. "ಒಳಗಿನ ಅರ್ಥಿಂಗ್ ದೋಷ. ನಾನು ಮೊದ್ಲೇ ಹೇಳಿದ್ದೆ."

"ನಿಮಗೆ ಗೊತ್ತಾಗ್ದೇ ಇರುತ್ತಾ?" ಎಂದು ತನುಜಾ ಗಿಟಾರನ್ನು ಮಡಿಲಿಗೆ ತೆಗೆದುಕೊಂಡಳು. "ಆದ್ರೆ ಅರ್ಧ ಗಂಟೆ ಅಷ್ಟೇ. ಆಮೇಲೆ ನಂಗೆ ಕೆಲ್ಸ ಇದೆ."

ಬೆರಳುಗಳು ಮೊದಲು ತಡವರಿಸಿದವು. ಆಮೇಲೆ ಒಂದೊಂದಾಗಿ ದಾರಿ ಕಂಡುಕೊಂಡವು. ಷಡಕ್ಷರಿಯ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಅರ್ಧ ಗಂಟೆಯಾದಾಗ, "ಇನ್ನೊಂದು," ಎಂದ. ಅವಳು ಗಡಿಯಾರ ನೋಡಿದಳು, ಕಿಟಕಿ ನೋಡಿದಳು, ಅವನ ಮುಖ ನೋಡಿದಳು. ನುಡಿಸಿದಳು. ಇಷ್ಟು ವರ್ಷದ ಮೇಲೆ, ಪಾಪ, ನಾಚಿಕೆ ಎಂದುಕೊಂಡ. ಇನ್ನೊಂದು ಎಂದ. ಮತ್ತೂ ಒಂದು.

ಫೋನು ಬಡಿದುಕೊಂಡಿತು. ಬಸವರಾಜಪ್ಪ. ಕೇಳಿ ಹೊಟ್ಟೆ ಉರಿದುಕೊಳ್ಳಲಿ ಎಂದು ಷಡಕ್ಷರಿ ಸ್ಪೀಕರ್ ಒತ್ತಿದ.

"ಮೇಷ್ಟ್ರೇ, ಕೆಳಗಿನ ಗೇಟ್ ಹತ್ರ ಸಲಗ ನಿಂತಿದೆ. ನಮ್ಮ ಬೇಲಿಗೆ ಬೆನ್ನು ಉಜ್ಕೊಳ್ತಾ ಇದೆ ಮಾರಾಯ್ರೇ, ಏನೂ ಹೊಡೀತಿಲ್ಲ ಅದಕ್ಕೆ. ಕರೆಂಟೇ ಇಲ್ಲ."

ತನುಜಾ ಗಿಟಾರನ್ನು ಕುರ್ಚಿಗೆ ಒರಗಿಸಿ ಹಿತ್ತಿಲಿಗೆ ಓಡಿದಳು. ಸ್ಟೋರ್ ರೂಮಿನ ಬಾಗಿಲು ದಡಾರೆಂದಿತು. ಮರುಕ್ಷಣ ಆಂಪಿನೊಳಗಿಂದ, ಟಕ್. ಟಕ್. ಟಕ್. ಕೆಳಗೆ ಆನೆ ಘೀಳಿಟ್ಟಿತು.

ಬೇಲಿಯ ಕರೆಂಟು ಸೆಕೆಂಡಿಗೊಮ್ಮೆ ಮಿಡಿಯುತ್ತದೆ ಎಂಬುದು ಷಡಕ್ಷರಿಗೆ ಗೊತ್ತಿಲ್ಲದ ವಿಷಯವೇನಲ್ಲ. ನಿನ್ನೆ ಬಳ್ಳಿ ಸವರುವಾಗ ಬೇಲಿ ಆರಿತ್ತು, ಆಂಪ್ ಹಾಕಿದ ಹಾಗೇ ಇತ್ತು, ಮನೆಯಲ್ಲಿದ್ದವಳು ತನುಜಾ.

"ಓಡ್ತು, ಓಡ್ತು," ಎಂದ ಬಸವರಾಜಪ್ಪ. "ಅಲ್ಲಾ, ಬೇಲಿ ಆಫ್ ಮಾಡಿದ್ದು ಯಾರು?"

ತನುಜಾ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು, ಅವನಿಗೆ ಮುಖ ಕೊಡಲಾಗದೆ.

"ನಾನೇ," ಎಂದ ಷಡಕ್ಷರಿ. "ಗಿಟಾರ್ ರಿಪೇರಿಗೆ ಬೇಕಾಗಿತ್ತು."